ಹಡಗಿನ ವೇಳೆಯೂ ಚಾಲಕನ ನಿದ್ರೆಯೂ

ಸರಕನ್ನು ಹೊತ್ತ ಲಾರಿಯು ನೆಲದ ಮೇಲೆ ಓಡುವುದನ್ನು ನಾವು ದಿನವೂ ಕಾಣುತ್ತೇವೆ. ಅದು ಕಡಲನ್ನೂ ದಾಟುತ್ತದೆಯೆಂಬ ಸಂಗತಿ ಮಾತ್ರ ನಮ್ಮಲ್ಲಿ ಅನೇಕರಿಗೆ ಅಷ್ಟಾಗಿ ಪರಿಚಿತವಲ್ಲ. ಯೂರೋಪು ಖಂಡದ ಭೂಪಟವನ್ನು ಎದುರಿಗೆ ಹರಡಿಕೊಂಡು ನೋಡಿದರೆ ಇದರ ಕಾರಣ ತಾನಾಗಿಯೇ ತಿಳಿಯುತ್ತದೆ. ಬ್ರಿಟನ್ನೂ ಐರ್ಲೆಂಡೂ ದ್ವೀಪಗಳು. ಸ್ವೀಡನ್, ಫಿನ್ಲೆಂಡ್ ದೇಶಗಳಿಗೂ ಜರ್ಮನಿಗೂ ನಡುವೆ ಬಾಲ್ಟಿಕ್ ಸಮುದ್ರವಿದೆ. ಗ್ರೀಸಿನಿಂದ ಇಟಲಿಗೆ ನೇರವಾಗಿ ಹೋಗಬೇಕೆಂಬವನಿಗೆ ಕಡಲೇ ಹತ್ತಿರದ ದಾರಿ. ಆದುದರಿಂದ ಅಲ್ಲಿ ಲಾರಿಯು ಸರಕಿನೊಡನೆಯೂ ಚಾಲಕನೊಡನೆಯೂ ತನ್ನ ಗಾಲಿಗಳ ಮೇಲೆಯೇ ಹಡಗಿನ ಹೊಟ್ಟೆಯನ್ನು ಹೊಕ್ಕು ನಿಲ್ಲುತ್ತದೆ. ಆಚೆಯ ದಡದಲ್ಲಿ ಇಳಿದು ಮತ್ತೆ ರಸ್ತೆಯನ್ನು ಹಿಡಿಯುತ್ತದೆ. ಇಂತಹ ಹಡಗಿಗೆ ಫೆರಿಯೆಂದು ಹೆಸರು.

ಹಡಗು ಸಾಗುತ್ತಿರುವಾಗ ಲಾರಿ ಓಡುತ್ತಿಲ್ಲ. ಚಾಲಕನ ಕೈ ಚಕ್ರದ ಮೇಲಿಲ್ಲ. ಹಾಗಾದರೆ ಆ ಹೊತ್ತು ಅವನಿಗೆ ವಿಶ್ರಾಂತಿಯೆ, ಅಲ್ಲವೆ? ಕೇಳುವುದಕ್ಕೆ ಇದು ಸುಲಭವಾದ ಪ್ರಶ್ನೆಯಂತೆ ತೋರುತ್ತದೆ. ಆದರೆ ಇದಕ್ಕೆ ಕೊಡುವ ಉತ್ತರವನ್ನು ಅನುಸರಿಸಿ ಒಬ್ಬ ಮನುಷ್ಯನು ಮರುದಿನ ಬೆಳಗ್ಗೆ ಮಲಗಿ ಎದ್ದವನಾಗಿಯೋ ತೂಕಡಿಸುತ್ತಿರುವವನಾಗಿಯೋ ನಲವತ್ತು ಟನ್ನು ಭಾರದ ಗಾಡಿಯನ್ನು ಜನರ ನಡುವೆ ನಡೆಸುತ್ತಾನೆ. ಆದುದರಿಂದ ಈ ಹೊತ್ತು ಈ ವಿಷಯವನ್ನು ಕುರಿತು ಸ್ವಲ್ಪ ವಿಚಾರ ಮಾಡೋಣ.

ಮೊದಲು ನೆಲದ ಮೇಲಿನ ಕಟ್ಟಳೆಯನ್ನು ತಿಳಿದುಕೊಳ್ಳುವುದು ಅವಶ್ಯಕ. ಲಾರಿಯ ಚಾಲಕನು ದಿನಕ್ಕೆ ಎಷ್ಟು ಹೊತ್ತು ಗಾಡಿಯನ್ನು ನಡೆಸಬಹುದು, ಎಷ್ಟು ಹೊತ್ತು ಮಲಗಬೇಕು ಎಂಬುದನ್ನು ಪಶ್ಚಿಮ ಯೂರೋಪಿನ ದೇಶಗಳು ಒಟ್ಟಾಗಿ ೧೯೬೯ರಲ್ಲಿಯೇ ಒಂದು ನಿಬಂಧನೆಯ ಮೂಲಕ ಗೊತ್ತುಮಾಡಿದುವು. ೧೯೮೫ರಲ್ಲಿ ಅದರ ಸ್ಥಾನಕ್ಕೆ ಇನ್ನೊಂದು ಬಂದಿತು. ಈಗ ನಡೆಯುತ್ತಿರುವುದು ೨೦೦೬ರಲ್ಲಿ ಆದ ೫೬೧ನೆಯ ನಿಬಂಧನೆ. ೨೦೨೦ರಲ್ಲಿ ಅದಕ್ಕೆ ಕೆಲವು ತಿದ್ದುಪಡಿಗಳಾದುವು. ಬ್ರಿಟನ್ ದೇಶವು ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆಯೂ ಈ ಕಟ್ಟಳೆಯ ಮುಖ್ಯಾಂಶಗಳು ಅಲ್ಲಿ ಉಳಿದುಕೊಂಡಿವೆ.

ಅದರ ಸಾರ ಇಷ್ಟು. ನಾಲ್ಕೂವರೆ ಗಂಟೆ ಗಾಡಿಯನ್ನು ನಡೆಸಿದವನು ೪೫ ನಿಮಿಷ ಬಿಡುವು ತೆಗೆದುಕೊಳ್ಳಬೇಕು. ಬೇಕಾದರೆ ಇದನ್ನು ಮೊದಲು ೧೫, ಆಮೇಲೆ ೩೦ ನಿಮಿಷಗಳಾಗಿ ಎರಡು ಪಾಲು ಮಾಡಬಹುದು. ದಿನಕ್ಕೆ ೯ ಗಂಟೆಗಿಂತ ಹೆಚ್ಚಾಗಿ ನಡೆಸಕೂಡದು. ವಾರದಲ್ಲಿ ಎರಡು ದಿನ ಮಾತ್ರ ೧೦ ಗಂಟೆಯವರೆಗೆ ಹೋಗಬಹುದು. ವಾರಕ್ಕೆ ೫೬ ಗಂಟೆ, ಎರಡು ವಾರಕ್ಕೆ ಸೇರಿ ೯೦ ಗಂಟೆ ಮೇರೆ. ವಿಶ್ರಾಂತಿಯ ಲೆಕ್ಕ ಇದಕ್ಕಿಂತಲೂ ಮುಖ್ಯ. ಹಿಂದಿನ ವಿಶ್ರಾಂತಿ ಮುಗಿದ ಗಳಿಗೆಯಿಂದ ೨೪ ಗಂಟೆಗಳೊಳಗಾಗಿ ಚಾಲಕನು ೧೧ ಗಂಟೆಗಳ ಹೊಸ ವಿಶ್ರಾಂತಿಯನ್ನು ಮುಗಿಸಿರಬೇಕು. ಒಂದು ವಾರದ ರಜೆಗೂ ಮುಂದಿನ ವಾರದ ರಜೆಗೂ ನಡುವೆ ಮೂರು ಸಲ ಮಾತ್ರ ಇದನ್ನು ೯ ಗಂಟೆಗೆ ಇಳಿಸಬಹುದು. ವಾರದ ವಿಶ್ರಾಂತಿಯು ಸಾಮಾನ್ಯವಾಗಿ ೪೫ ಗಂಟೆ. ಕೆಲವು ನಿಯಮಗಳಿಗೆ ಒಳಪಟ್ಟು ೨೪ ಗಂಟೆಗೆ ಇಳಿಸಬಹುದು.

ಇವನ್ನೆಲ್ಲ ಚಾಲಕನ ಮಾತಿಗೆ ಬಿಟ್ಟಿಲ್ಲ. ಟ್ಯಾಕೋಗ್ರಾಫ್ ಎಂಬ ಯಂತ್ರವೊಂದು ಪ್ರತಿಯೊಂದು ಲಾರಿಯಲ್ಲಿಯೂ ಇರುತ್ತದೆ. ಗಾಡಿ ಓಡಿದ ಹೊತ್ತು, ಚಾಲಕನು ಬೇರೆ ಕೆಲಸ ಮಾಡಿದ ಹೊತ್ತು, ಕಾದುಕೊಂಡಿದ್ದ ಹೊತ್ತು, ವಿಶ್ರಮಿಸಿದ ಹೊತ್ತು ಇವು ನಾಲ್ಕನ್ನೂ ಅದು ಬೇರೆಬೇರೆಯಾಗಿ ಬರೆದಿಡುತ್ತದೆ. ಹಿಂದೆ ಇದು ಕಾಗದದ ಬಿಲ್ಲೆಯ ಮೇಲೆ ಗೀಟು ಎಳೆಯುತ್ತಿತ್ತು. ಈಗಿನ ಯಂತ್ರಗಳು ಚಾಲಕನ ಹೆಸರಿನ ಕಾರ್ಡಿನಲ್ಲಿ ಬರೆಯುತ್ತವೆ. ದಾರಿಯಲ್ಲಿ ತನಿಖೆಯ ಅಧಿಕಾರಿಯು ಕೇಳಿದಾಗ ಆ ಲೆಕ್ಕವನ್ನು ತೋರಿಸಲೇಬೇಕು.

ಇಷ್ಟನ್ನು ತಿಳಿದುಕೊಂಡಮೇಲೆ ಕಡಲಿನಿಂದ ಉಂಟಾಗುವ ತೊಡಕು ಎಂತಹುದೆಂದು ಕಾಣುವುದು ಕಷ್ಟವಲ್ಲ. ರಸ್ತೆಯ ಮೇಲೆ ಹೋಗುವ ಚಾಲಕನು ತನಗೆ ಹೊತ್ತಾಯಿತೆಂದು ಕಂಡೊಡನೆ ಒಂದು ತಂಗುದಾಣದಲ್ಲಿ ಗಾಡಿಯನ್ನು ನಿಲ್ಲಿಸಿ ಮಲಗಬಹುದು. ಹಡಗು ಅವನ ಗಡಿಯಾರವನ್ನು ಕೇಳುವುದಿಲ್ಲ. ಅದಕ್ಕೆ ಅದರದೇ ವೇಳೆ. ಹತ್ತು ಎನ್ನುವಾಗ ಹತ್ತಬೇಕು, ಇಳಿ ಎನ್ನುವಾಗ ಇಳಿಯಬೇಕು. ಮಧ್ಯರಾತ್ರಿಯಲ್ಲಿ ಗಾಢನಿದ್ರೆಯಲ್ಲಿರುವವನನ್ನು ಎಬ್ಬಿಸಿ, ಐವತ್ತು ಗಜ ಮುಂದಕ್ಕೆ ಗಾಡಿಯನ್ನು ತೆಗೆದುಕೊಂಡು ಹೋಗೆಂದರೆ, ನಡೆದ ದೂರ ಅಲ್ಪವಾದರೂ ಕಡಿದುಹೋದ ನಿದ್ರೆ ಅಲ್ಪವಲ್ಲ.

ಕಾಯುವುದೂ ವಿಶ್ರಾಂತಿಯಲ್ಲ. ನಮ್ಮ ಸಾಗರದ ಸೀಮೆಯಲ್ಲಿ ಶರಾವತಿಯ ಹಿನ್ನೀರನ್ನು ದಾಟಿ ಸಿಗಂದೂರಿಗೆ ಹೋಗುವವರು, ೨೦೨೫ರ ಜುಲೈ ತಿಂಗಳಲ್ಲಿ ಸೇತುವೆ ತೆರೆಯುವವರೆಗೆ, ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದು ನಿಲ್ಲುತ್ತಿದ್ದರಷ್ಟೆ. ಸರದಿಯಲ್ಲಿ ಗಾಡಿಯನ್ನು ನಿಲ್ಲಿಸಿಕೊಂಡವನಿಗೆ ಕಣ್ಣು ಮುಚ್ಚಲು ಧೈರ್ಯವಿರುವುದಿಲ್ಲ. ಮುಂದಿನ ಗಾಡಿ ಕದಲಿದರೆ ತಾನೂ ಕದಲಬೇಕು. ಕೆಲಸವಿಲ್ಲ, ಆದರೆ ಬಿಡುಗಡೆಯೂ ಇಲ್ಲ. ಇಂತಹ ಹೊತ್ತಿಗೆ ಯೂರೋಪಿನ ೨೦೦೨ರ ಶಾಸನವೊಂದು ಬೇರೆಯ ಹೆಸರನ್ನೇ ಇಟ್ಟಿದೆ. ಅದನ್ನು ಕನ್ನಡದಲ್ಲಿ ಸನ್ನದ್ಧತೆಯ ಕಾಲವೆನ್ನಬಹುದು. ಫೆರಿಯಲ್ಲಿಯೋ ರೈಲಿನಲ್ಲಿಯೋ ತನ್ನ ಗಾಡಿಯ ಸಂಗಡ ಹೋಗುವ ಹೊತ್ತನ್ನೂ ಆ ಶಾಸನವು ಇದೇ ಗುಂಪಿಗೆ ಸೇರಿಸುತ್ತದೆ. ಅದು ವಿಶ್ರಾಂತಿಯೆನಿಸಿಕೊಳ್ಳಬೇಕಾದರೆ ವಿಶ್ರಾಂತಿಯ ಲಕ್ಷಣಗಳನ್ನು ಬೇರೆಯಾಗಿ ಪಡೆದಿರಬೇಕು. ಆ ಲಕ್ಷಣಗಳು ಎರಡು: ಹೊತ್ತು ಚಾಲಕನ ಸ್ವಂತದ್ದಾಗಿರಬೇಕು, ಬೆನ್ನು ಚಾಚುವುದಕ್ಕೆ ಹಾಸಿಗೆಯಿರಬೇಕು.

ಹಾಗಾದರೆ ಹಡಗು ಹತ್ತುವವನು ವಿಶ್ರಾಂತಿಯನ್ನು ಪಡೆಯುವುದೆಂತು? ಇಲ್ಲಿ ಕಾಯಿದೆಯು ಒಂದು ಒಡಂಬಡಿಕೆಯನ್ನು ಮಾಡಿಕೊಂಡಿದೆ. ೧೯೮೫ರ ನಿಬಂಧನೆಯಲ್ಲಿ, ಒಂದು ಪಾಲನ್ನು ನೆಲದಲ್ಲಿಯೂ ಒಂದು ಪಾಲನ್ನು ಹಡಗಿನಲ್ಲಿಯೂ ತೆಗೆದುಕೊಳ್ಳುವ ವಿಶ್ರಾಂತಿಯನ್ನು ಒಂದೇ ಒಂದು ಸಲ ಕಡಿಯಬಹುದಾಗಿತ್ತು. ಹಾಗೆ ಕಡಿದುದಕ್ಕೆ ಪ್ರತಿಯಾಗಿ ವಿಶ್ರಾಂತಿಯನ್ನು ಎರಡು ಗಂಟೆ ಹೆಚ್ಚಿಸಬೇಕಾಗಿತ್ತು. ಆದರೆ ಹಡಗನ್ನು ಹತ್ತುವುದು ಒಂದು, ಇಳಿಯುವುದು ಒಂದು, ಹೀಗೆ ಕಡಿತಗಳು ಸಹಜವಾಗಿ ಎರಡು. ೨೦೦೬ರ ನಿಬಂಧನೆಯ ೯ನೆಯ ವಿಧಿಯು ಇದನ್ನು ಗಮನಿಸಿ ಎರಡು ಕಡಿತಗಳಿಗೆ ಎಡೆಕೊಟ್ಟಿತು. ಎರಡೂ ಸೇರಿ ಒಂದು ಗಂಟೆಯನ್ನು ಮೀರಕೂಡದು. ಹೀಗೆ ಕಡಿಯಲ್ಪಡುವ ದಿನದ ವಿಶ್ರಾಂತಿಯು ಪೂರ್ಣವಾದ ೧೧ ಗಂಟೆಗಳದ್ದಾಗಿರಬೇಕೇ ಹೊರತು ಇಳಿಸಿದ ೯ ಗಂಟೆಗಳದ್ದಲ್ಲ. ಅಲ್ಲದೆ ಆ ಕಾಲದಲ್ಲಿ ಚಾಲಕನಿಗೆ ಮಲಗುವ ಕೋಣೆಯೋ ಹಾಸಿಗೆಯೋ ದೊರೆಯುವಂತಿರಬೇಕು. ಕಡಿತವನ್ನು ಒಪ್ಪಿಕೊಂಡವನಿಗೆ ಉದ್ದವಾದ ವಿಶ್ರಾಂತಿಯೂ ಹಾಸಿಗೆಯೂ ಸಲ್ಲಬೇಕೆಂಬುದೇ ಈ ವಿಧಿಯ ನ್ಯಾಯ.

ಒಂದು ಉದಾಹರಣೆಯನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಉತ್ತರ ಸಮುದ್ರವನ್ನು ರಾತ್ರಿಯಲ್ಲಿ ದಾಟುವ ಒಂದು ಹಡಗಿಗೆ ಹೋಗಬೇಕಾದ ಚಾಲಕನು ಬೆಳಗ್ಗೆ ೮ ಗಂಟೆಗೆ ಕೆಲಸಕ್ಕೆ ತೊಡಗಿದನೆನ್ನಿ. ಅಂದಮೇಲೆ ಮರುದಿನ ಬೆಳಗ್ಗೆ ೮ ಗಂಟೆಯೊಳಗಾಗಿ ಅವನ ವಿಶ್ರಾಂತಿ ಮುಗಿದಿರಬೇಕು. ಸರಕು ತುಂಬುವುದಕ್ಕೂ ಕಾಗದಪತ್ರಗಳಿಗೂ ಒಂದೂಕಾಲು ಗಂಟೆ, ಗಾಡಿ ನಡೆಸುವುದಕ್ಕೆ ಎಂಟೂವರೆ ಗಂಟೆ, ನಡುವಣ ಬಿಡುವು ಮುಕ್ಕಾಲು ಗಂಟೆ, ದಾರಿಯ ಅಡೆತಡೆಗಳಿಗೆಂದು ಮೀಸಲು ಒಂದು ಗಂಟೆ. ಹೀಗೆ ಹನ್ನೊಂದೂವರೆ ಗಂಟೆ ಕಳೆದು ಸಂಜೆ ೭ ಗಂಟೆ ೩೦ ನಿಮಿಷಕ್ಕೆ ಅವನು ಬಂದರಿನಲ್ಲಿ ಗಾಡಿಯನ್ನು ನಿಲ್ಲಿಸಿ ವಿಶ್ರಾಂತಿಗೆ ತೊಡಗುತ್ತಾನೆ. ೮ ಗಂಟೆ ೪೫ ನಿಮಿಷಕ್ಕೆ ಕರೆ ಬರುತ್ತದೆ. ಆಗ ಒಂದೂಕಾಲು ಗಂಟೆಯ ವಿಶ್ರಾಂತಿಯಾಗಿದೆ. ಹಡಗು ಹತ್ತುವುದಕ್ಕೆ ೨೫ ನಿಮಿಷ. ಇದು ಮೊದಲನೆಯ ಕಡಿತ. ೯ ಗಂಟೆ ೧೦ ನಿಮಿಷದಿಂದ ಬೆಳಗಿನ ಜಾವ ೫ ಗಂಟೆ ೪೫ ನಿಮಿಷದವರೆಗೆ, ಎಂದರೆ ೮ ಗಂಟೆ ೩೫ ನಿಮಿಷ, ಅವನು ಕೋಣೆಯಲ್ಲಿ ಮಲಗುತ್ತಾನೆ. ಇಳಿಯುವುದಕ್ಕೆ ಮತ್ತೆ ೨೫ ನಿಮಿಷ. ಇದು ಎರಡನೆಯ ಕಡಿತ. ಈವರೆಗಿನ ವಿಶ್ರಾಂತಿ ೯ ಗಂಟೆ ೫೦ ನಿಮಿಷ. ಇನ್ನು ಉಳಿದ ೧ ಗಂಟೆ ೧೦ ನಿಮಿಷವನ್ನು ಅವನು ಆಚೆಯ ದಡದಲ್ಲಿ, ಬಂದರಿನ ಸಮೀಪದಲ್ಲಿಯೇ, ಗಾಡಿಯನ್ನು ನಿಲ್ಲಿಸಿ ಪೂರೈಸಬೇಕು. ೭ ಗಂಟೆ ೨೦ ನಿಮಿಷಕ್ಕೆ ೧೧ ಗಂಟೆ ತುಂಬುತ್ತದೆ. ೮ ಗಂಟೆಗೆ ಇನ್ನೂ ೪೦ ನಿಮಿಷ ಉಳಿದಿದೆ. ಕಡಿತಗಳು ಎರಡು, ಸೇರಿ ೫೦ ನಿಮಿಷ. ಲೆಕ್ಕ ಸರಿಹೋಯಿತು.

ಆದರೆ ಈ ಲೆಕ್ಕವು ಎಷ್ಟು ನವುರಾದುದೆಂಬುದನ್ನೂ ನೋಡಬೇಕು. ಆಚೆಯ ಬಂದರಿನಲ್ಲಿ ಗಾಡಿಯನ್ನು ನಿಲ್ಲಿಸಿ ಅರ್ಧ ಗಂಟೆಯಾದಮೇಲೆ ಬಂದರಿನ ಕಾವಲುಗಾರನು ಬಂದು, ಇಲ್ಲಿ ನಿಲ್ಲಕೂಡದು, ಆಚೆಗೆ ಹೋಗೆಂದನೆನ್ನಿ. ಎರಡೇ ನಿಮಿಷದ ಮಾತಾದರೂ ಅದು ಮೂರನೆಯ ಕಡಿತ. ಕಟ್ಟಳೆಯ ದೃಷ್ಟಿಯಿಂದ ೧೧ ಗಂಟೆಗಳ ಆ ವಿಶ್ರಾಂತಿ ಒಡೆದುಹೋಯಿತು. ಹಾಸಿಗೆಯಲ್ಲಿ ಕಳೆದ ೮ ಗಂಟೆ ೩೫ ನಿಮಿಷವು ಇಳಿಸಿದ ವಿಶ್ರಾಂತಿಯ ೯ ಗಂಟೆಗೂ ೨೫ ನಿಮಿಷ ಕಡಮೆಯಾದುದರಿಂದ ಅದೂ ಲೆಕ್ಕಕ್ಕೆ ಬಾರದು. ರಾತ್ರಿಯೆಲ್ಲ ಮಲಗಿದ್ದವನು ಮಲಗದವನಿಗೆ ಸಮನಾದನು. ಇದನ್ನು ಕೇಳಿದವರು ಕಾಯಿದೆಯನ್ನು ಹಾಸ್ಯಮಾಡಬಹುದು. ಆದರೆ ಸಂಖ್ಯೆಯೊಂದನ್ನು ಎಲ್ಲಿಯಾದರೂ ನಿಲ್ಲಿಸದಿದ್ದರೆ ಮೂರು ನಾಲ್ಕಾಗಿ, ನಾಲ್ಕು ಆರಾಗಿ, ಕೊನೆಗೆ ಚಾಲಕನಿಗೆ ಉಳಿಯುವುದು ಕೋಳಿನಿದ್ದೆ ಮಾತ್ರ. ಆದುದರಿಂದ ಏರ್ಪಾಡು ಮಾಡುವವನು ಹಡಗಿನ ವೇಳೆಯನ್ನು ಮಾತ್ರವಲ್ಲದೆ ಎರಡೂ ದಡಗಳಲ್ಲಿ ಗಾಡಿಯನ್ನು ನಿಶ್ಚಿಂತೆಯಿಂದ ನಿಲ್ಲಿಸತಕ್ಕ ಸ್ಥಳಗಳನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಚಿಕ್ಕ ದಾಟಿನ ವಿಷಯವೇ ಬೇರೆ. ಇಂಗ್ಲೆಂಡಿನ ಡೋವರಿನಿಂದ ಫ್ರಾನ್ಸಿನ ಕ್ಯಾಲೆಗೆ ಹಡಗಿನ ಪ್ರಯಾಣ ಸುಮಾರು ಒಂದೂವರೆ ಗಂಟೆ. ೧೯೯೪ರಲ್ಲಿ ತೆರೆದ ಕಡಲಡಿಯ ಸುರಂಗದಲ್ಲಿ ಲಾರಿಗಳನ್ನು ಹೊತ್ತ ರೈಲಿಗೆ ಸುಮಾರು ೩೫ ನಿಮಿಷ ಸಾಕು. ಹಡಗು ಸಾಗುವಾಗ ಗಾಡಿಗಳ ಅಂತಸ್ತಿನಲ್ಲಿ ಸಾಮಾನ್ಯವಾಗಿ ಯಾರೂ ಇರಕೂಡದು. ಚಾಲಕನು ಮೇಲಕ್ಕೆ ಬಂದು ಊಟಮಾಡಿ ಕುರ್ಚಿಯಲ್ಲಿ ಒರಗಬಹುದು. ಹೊತ್ತು ಅವನ ಸ್ವಂತದ್ದಾಗಿದ್ದರೆ ಇದು ೪೫ ನಿಮಿಷದ ಬಿಡುವಿಗೆ ಚೆನ್ನಾಗಿ ಒದಗುತ್ತದೆ. ಆದುದರಿಂದ ಡೋವರಿಗೆ ನಾಲ್ಕು ಗಂಟೆ ಗಾಡಿ ನಡೆಸಿಕೊಂಡು ಬಂದು ಹಡಗು ಹತ್ತಿದವನು ಕ್ಯಾಲೆಯಲ್ಲಿ ಇಳಿದು ಹೊಸದಾಗಿ ನಾಲ್ಕೂವರೆ ಗಂಟೆಯ ಲೆಕ್ಕವನ್ನು ಆರಂಭಿಸಬಹುದು. ರಾತ್ರಿಯ ನಿದ್ರೆಗೆ ಮಾತ್ರ ಇಂತಹ ದಾಟನ್ನು ನೆಚ್ಚಬಾರದು. ಅದನ್ನು ಈ ದಡದಲ್ಲಾಗಲಿ ಆ ದಡದಲ್ಲಾಗಲಿ ಇಡಿಯಾಗಿ ಮುಗಿಸುವುದೇ ಮೇಲು.

ಇಲ್ಲಿ ಎರಡು ಮೋಸದ ಗುಂಡಿಗಳಿವೆ. ಮೊದಲನೆಯದು ಗಡಿಯಾರದ್ದು. ಫ್ರಾನ್ಸಿನ ಗಡಿಯಾರವು ಇಂಗ್ಲೆಂಡಿನದಕ್ಕಿಂತ ಒಂದು ಗಂಟೆ ಮುಂದು. ಹಡಗಿನ ವೇಳಾಪಟ್ಟಿಯಲ್ಲಿ ಹೊರಡುವ ಹೊತ್ತು ಆ ಊರಿನದು, ಸೇರುವ ಹೊತ್ತು ಈ ಊರಿನದು. ಆದುದರಿಂದ ಒಂದೂವರೆ ಗಂಟೆಯ ದಾಟು ಹೋಗುವಾಗ ಎರಡೂವರೆ ಗಂಟೆಯಂತೆಯೂ ಬರುವಾಗ ಅರ್ಧ ಗಂಟೆಯಂತೆಯೂ ಕಾಣುತ್ತದೆ. ಈಗಿನ ಟ್ಯಾಕೋಗ್ರಾಫ್ ಯಂತ್ರವು ಎಲ್ಲ ದೇಶಗಳಿಗೂ ಸಾಮಾನ್ಯವಾದ ಒಂದೇ ವಿಶ್ವಕಾಲವನ್ನು ಬರೆಯುತ್ತದೆ. ಏರ್ಪಾಡು ಮಾಡುವವನೂ ಅದನ್ನೇ ಹಿಡಿಯಬೇಕು. ಇಲ್ಲವಾದರೆ ಇಲ್ಲದ ಒಂದು ಗಂಟೆ ನಿದ್ರೆ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ.

ಎರಡನೆಯದು ಇನ್ನೂ ಆಳವಾದುದು. ೪೫ ನಿಮಿಷದ ಬಿಡುವು ಗಾಡಿ ನಡೆಸುವ ಲೆಕ್ಕವನ್ನು ಹೊಸದು ಮಾಡುತ್ತದೆಯೇ ಹೊರತು ದಿನದ ೨೪ ಗಂಟೆಗಳ ಲೆಕ್ಕವನ್ನು ನಿಲ್ಲಿಸುವುದಿಲ್ಲ. ವಿಶ್ವಕಾಲ ೫ ಗಂಟೆಗೆ ಕೆಲಸಕ್ಕೆ ತೊಡಗಿದವನು ೧೧ ಗಂಟೆಯ ವಿಶ್ರಾಂತಿಯನ್ನು ಸಂಜೆ ೬ ಗಂಟೆಯೊಳಗೆ, ೯ ಗಂಟೆಯದನ್ನಾದರೆ ರಾತ್ರಿ ೮ ಗಂಟೆಯೊಳಗೆ, ಆರಂಭಿಸಲೇಬೇಕು. ಅವನು ಮಧ್ಯಾಹ್ನ ೧ ಗಂಟೆಗೆ ಡೋವರಿನ ಬಳಿಗೆ ಬಂದು, ೨ ಗಂಟೆ ೩೦ ನಿಮಿಷದ ಹಡಗನ್ನು ಹಿಡಿದರೆ, ೪ ಗಂಟೆ ೩೦ ನಿಮಿಷದ ಹೊತ್ತಿಗೆ ಕ್ಯಾಲೆಯ ಬಂದರಿನಿಂದ ಹೊರಬೀಳುತ್ತಾನೆ. ತಂಗುದಾಣವನ್ನು ಸೇರುವುದಕ್ಕೆ ಒಂದೂವರೆ ಗಂಟೆ ಉಳಿದಿದೆ. ಆದರೆ ಆ ದಿನ ಬಂದರಿನಲ್ಲಿ ನಾಲ್ಕು ಗಂಟೆ ಸಾಲು ನಿಂತಿತೆನ್ನಿ. ಅವನು ಹೊರಬೀಳುವಾಗ ರಾತ್ರಿ ೮ ಗಂಟೆ ೩೦ ನಿಮಿಷ. ಗಾಡಿಯನ್ನು ನಡೆಸಿದ್ದು ಅಷ್ಟೇ ಆದರೂ ಇಳಿಸಿದ ವಿಶ್ರಾಂತಿಯ ಗಡುವೂ ಮೀರಿಹೋಗಿದೆ. ಬಂದರಿನಲ್ಲಿ ನಿಲ್ಲಲು ಎಡೆಯಿಲ್ಲದಿದ್ದರೆ ಅವನು ತಪ್ಪು ಮಾಡದೆ ಮುಂದಕ್ಕೆ ಹೋಗುವಂತಿಲ್ಲ, ನಿಲ್ಲುವಂತೆಯೂ ಇಲ್ಲ.

ಸಾಲು ನಿಲ್ಲುವುದು ಅಲ್ಲಿ ಅಪರೂಪವಲ್ಲ. ಡೋವರಿನ ಮಾರ್ಗದಲ್ಲಿ ಕೆಂಟ್ ಪ್ರಾಂತದ ಎಂ-೨೦ ಎಂಬ ಹೆದ್ದಾರಿಯ ಮೇಲೆಯೇ ಲಾರಿಗಳನ್ನು ನಿಲ್ಲಿಸಿಕೊಳ್ಳುವ ಏರ್ಪಾಡು ಬಹುಕಾಲದಿಂದ ಇದೆ. ೨೦೨೦ರ ಡಿಸೆಂಬರಿನಲ್ಲಿ ಸಾಂಕ್ರಾಮಿಕ ರೋಗದ ಭಯದಿಂದ ಫ್ರಾನ್ಸು ತನ್ನ ಗಡಿಯನ್ನು ಎರಡು ದಿನ ಮುಚ್ಚಿದಾಗ ಸಾವಿರಾರು ಲಾರಿಗಳು ಕೆಂಟಿನಲ್ಲಿ ಸಿಕ್ಕಿಬಿದ್ದು, ಅನೇಕ ಚಾಲಕರು ಕ್ರಿಸ್ಮಸ್ ಹಬ್ಬವನ್ನು ಮನೆಯಿಂದ ದೂರದಲ್ಲಿ ಗಾಡಿಯೊಳಗೇ ಕಳೆದರು.

ಇಂತಹ ವಿಪತ್ತಿಗೆ ಕಾಯಿದೆಯು ಒಂದು ಬಾಗಿಲನ್ನು ತೆರೆದಿಟ್ಟಿದೆ. ೧೨ನೆಯ ವಿಧಿಯ ಪ್ರಕಾರ, ಜನರ, ಗಾಡಿಯ ಅಥವಾ ಸರಕಿನ ಕ್ಷೇಮಕ್ಕಾಗಿ ಯೋಗ್ಯವಾದ ತಂಗುದಾಣವನ್ನು ಸೇರುವುದಕ್ಕೆ ಎಷ್ಟು ಬೇಕೋ ಅಷ್ಟರಮಟ್ಟಿಗೆ ಚಾಲಕನು ಮಿತಿಯನ್ನು ಮೀರಬಹುದು. ಅದರಿಂದ ರಸ್ತೆಯ ಸುರಕ್ಷತೆಗೆ ಕೇಡಾಗಕೂಡದು. ಕಾರಣವನ್ನು ತನ್ನ ಕೈಯಿಂದಲೇ ಬರೆದಿಡಬೇಕು. ಆದರೆ ಈ ಬಾಗಿಲು ನೆನೆಸದೆ ಬಂದ ತೊಂದರೆಗೆ ಮಾತ್ರ. ಪ್ರಯಾಣಕ್ಕೆ ಮುಂಚೆಯೇ ತಿಳಿದಿದ್ದ ಕಾರಣಗಳಿಗಾಗಿ ಈ ವಿನಾಯಿತಿಯನ್ನು ಉಪಯೋಗಿಸಕೂಡದೆಂದು ಐರೋಪ್ಯ ನ್ಯಾಯಾಲಯವು ೧೯೯೫ರಲ್ಲಿ ತೀರ್ಮಾನ ಕೊಟ್ಟಿತು. ಶುಕ್ರವಾರ ಸಂಜೆಯ ದಟ್ಟಣೆ ಪ್ರತಿ ಶುಕ್ರವಾರವೂ ಬರುವಂಥದಾದರೆ ಅದನ್ನು ಅನಿರೀಕ್ಷಿತವೆನ್ನುವುದು ಹೇಗೆ? ಅಂತಹ ಬಂದರಿಗೆ ಹೋಗುವ ಮುನ್ನವೇ ದೂರದ ತಂಗುದಾಣದಲ್ಲಿ ರಾತ್ರಿಯ ವಿಶ್ರಾಂತಿಯನ್ನು ಮುಗಿಸಿಕೊಂಡು, ಹೊಸ ದಿನದ ಮೊದಲ ಗಂಟೆಗಳಲ್ಲಿ ಸಾಲನ್ನು ಸೇರುವುದೇ ವಿವೇಕ. ಆಗ ನಾಲ್ಕು ಗಂಟೆ ನಿಂತರೂ ನಿದ್ರೆಗೆ ಹಾನಿಯಿಲ್ಲ.

ಉದ್ದವಾದ ದಾಟಿನಲ್ಲಿ ಈ ಕಷ್ಟಗಳಲ್ಲಿ ಬಹುಭಾಗ ತಾನಾಗಿಯೇ ಕರಗಿಹೋಗುತ್ತದೆ. ೨೦೨೦ರ ಕೊನೆಯವರೆಗೂ ಐರ್ಲೆಂಡಿನ ಲಾರಿಗಳು ಸಾಮಾನ್ಯವಾಗಿ ಒಂದು ಹಡಗಿನಲ್ಲಿ ವೇಲ್ಸಿಗೆ ಬಂದು, ಇಂಗ್ಲೆಂಡನ್ನು ರಸ್ತೆಯಲ್ಲಿ ದಾಟಿ, ಇನ್ನೊಂದು ಹಡಗಿನಲ್ಲಿ ಫ್ರಾನ್ಸಿಗೆ ಹೋಗುತ್ತಿದ್ದುವು. ೨೦೨೧ರ ಆರಂಭದಿಂದ ಬ್ರಿಟನ್ನಿನ ಗಡಿಯಲ್ಲಿ ಸುಂಕದ ಕಾಗದಪತ್ರಗಳು ಹೆಚ್ಚಿದುವು. ಅದೇ ಜನವರಿ ತಿಂಗಳಲ್ಲಿ ಐರ್ಲೆಂಡಿನ ರಾಸ್ಲೇರಿನಿಂದ ಫ್ರಾನ್ಸಿನ ಡನ್ಕರ್ಕಿಗೆ ನೇರವಾದ ಹಡಗಿನ ಮಾರ್ಗವೊಂದು ತೊಡಗಿತು. ಅದರ ಪ್ರಯಾಣ ಸುಮಾರು ೨೪ ಗಂಟೆ. ಗಡಿಯಾರವನ್ನು ಮಾತ್ರ ನೋಡುವವನಿಗೆ ಇದು ನಿಧಾನದ ದಾರಿ. ಚಾಲಕನ ಗಂಟೆಗಳನ್ನು ನೋಡುವವನಿಗೆ ಹಾಗಲ್ಲ: ೧೧ ಗಂಟೆಗಳ ವಿಶ್ರಾಂತಿಯು ಒಂದು ಕಡಿತವೂ ಇಲ್ಲದೆ ಹಡಗಿನಲ್ಲಿಯೇ ಮುಗಿಯುತ್ತದೆ, ಡನ್ಕರ್ಕಿನಲ್ಲಿ ಇಳಿದವನಿಗೆ ೯ ಗಂಟೆಗಳ ಗಾಡಿ ನಡೆಸುವ ಹಕ್ಕು ಪೂರ್ಣವಾಗಿ ಕೈಯಲ್ಲಿರುತ್ತದೆ. ಬಳಸು ದಾರಿಯೇ ಕೆಲವೊಮ್ಮೆ ಹತ್ತಿರದ ದಾರಿಯಾಗುವುದು ಹೀಗೆ.

ವಾರದ ವಿಶ್ರಾಂತಿಯ ವಿಷಯದಲ್ಲಿಯೂ ಕಟ್ಟಳೆ ಮುಂದುವರಿದಿದೆ. ೪೫ ಗಂಟೆಗಳ ವಾರದ ವಿಶ್ರಾಂತಿಯನ್ನು ಗಾಡಿಯೊಳಗೆ ಕಳೆಯಕೂಡದೆಂದು ಐರೋಪ್ಯ ನ್ಯಾಯಾಲಯವು ೨೦೧೭ರಲ್ಲಿ ತೀರ್ಪಿತ್ತಿತು. ೨೦೨೦ರ ತಿದ್ದುಪಡಿಯು ಅದನ್ನು ಕಾಯಿದೆಯ ಮಾತಾಗಿಯೇ ಮಾಡಿತು. ಫೆರಿಯ ವಿನಾಯಿತಿಯನ್ನು ವಾರದ ವಿಶ್ರಾಂತಿಗೂ ವಿಸ್ತರಿಸಿದುದು ಅದೇ ತಿದ್ದುಪಡಿ. ಆದರೆ ೪೫ ಗಂಟೆಗಳ ವಿಶ್ರಾಂತಿಯನ್ನು ಹೀಗೆ ಕಡಿಯಬೇಕಾದರೆ ದಾಟು ೮ ಗಂಟೆ ಅಥವಾ ಅದಕ್ಕೂ ಹೆಚ್ಚಿನದೆಂದು ವೇಳಾಪಟ್ಟಿಯಲ್ಲಿರಬೇಕು; ಚಾಲಕನಿಗೆ ಮಲಗುವ ಕೋಣೆಯೇ ಇರಬೇಕು, ಬರಿಯ ಹಾಸಿಗೆ ಸಾಲದು. ವಿಶ್ರಾಂತಿಯು ಉದ್ದವಾದಷ್ಟೂ ಅದರ ಸ್ಥಳವೂ ಉತ್ತಮವಾಗಬೇಕೆಂಬ ವಿವೇಕ ಇದರಲ್ಲಿದೆ.

ಈ ಹಾಸಿಗೆಯ ಮಾತನ್ನು ಕಾಯಿದೆಯ ಅಲಂಕಾರವೆಂದು ತಿಳಿಯತಕ್ಕುದಲ್ಲ. ೨೦೨೨ರ ಫೆಬ್ರವರಿ ೧೮ರಂದು ಗ್ರೀಸಿನ ಇಗುಮೆನಿತ್ಸದಿಂದ ಇಟಲಿಯ ಬ್ರಿಂಡಿಸಿಗೆ ಹೋಗುತ್ತಿದ್ದ ಯೂರೋಫೆರಿ ಒಲಿಂಪಿಯ ಎಂಬ ಹಡಗಿಗೆ ಕಾರ್ಫು ದ್ವೀಪದ ಬಳಿ ಬೆಂಕಿ ಹತ್ತಿತು. ಹಡಗಿನಲ್ಲಿ ನೂರಾರು ಮಂದಿ ಇದ್ದರು, ಬಹುಮಂದಿಯನ್ನು ಕಾಪಾಡಲಾಯಿತು. ಪ್ರಾಣ ಕಳೆದುಕೊಂಡವರಲ್ಲಿ ಲಾರಿಯ ಚಾಲಕರು ಹಲವರು. ಕೆಲವು ಚಾಲಕರು ಮೇಲಿನ ಕೋಣೆಗಳನ್ನು ಬಿಟ್ಟು ತಮ್ಮ ಲಾರಿಗಳಲ್ಲಿಯೇ ಮಲಗುತ್ತಿದ್ದರೆಂಬ ಮಾತು ಆಗ ಬಹಿರಂಗಕ್ಕೆ ಬಂದಿತು. ಗಾಡಿಗಳ ಅಂತಸ್ತಿನಲ್ಲಿ ಬೆಂಕಿ ಎದ್ದರೆ ಅಲ್ಲಿ ಮಲಗಿದವನಿಗೆ ದಾರಿಯೆಲ್ಲಿ? ಕೋಣೆಯು ಇಕ್ಕಟ್ಟಾಗಿದ್ದರೆ, ಕೊಳಕಾಗಿದ್ದರೆ, ಅಪರಿಚಿತರು ನಾಲ್ವರು ಒಂದರಲ್ಲಿ ತುಂಬಿದ್ದರೆ, ದಣಿದವನು ತನ್ನ ಗಾಡಿಯ ಪರಿಚಿತವಾದ ಹಾಸಿಗೆಯನ್ನೇ ಬಯಸುವುದು ಮನುಷ್ಯಸ್ವಭಾವ. ಆದುದರಿಂದ ಪ್ರಯಾಣವನ್ನು ಗೊತ್ತುಮಾಡುವಾಗಲೇ ಚಾಲಕನ ಹೆಸರಿನಲ್ಲಿ ಒಳ್ಳೆಯ ಕೋಣೆಯೊಂದನ್ನು ಕಾದಿರಿಸುವುದು ಉಪಚಾರವಲ್ಲ. ಅದು ಏರ್ಪಾಡಿನ ಒಂದು ಅಂಗ.

ನಿದ್ರೆ ಕೆಟ್ಟರೆ ಏನಾಗುತ್ತದೆಂಬುದನ್ನೂ ಶಾಸ್ತ್ರಜ್ಞರು ಅಳೆದಿದ್ದಾರೆ. ೧೯೯೭ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ೧೭ ಗಂಟೆ ಎಡೆಬಿಡದೆ ಎಚ್ಚರವಾಗಿದ್ದವನ ಚುರುಕು, ರಕ್ತದಲ್ಲಿ ಶೇಕಡ ೦.೦೫ರಷ್ಟು ಮದ್ಯಸಾರವಿರುವವನ ಚುರುಕಿನಷ್ಟೇ ಇಳಿದಿತ್ತು. ಅನೇಕ ದೇಶಗಳಲ್ಲಿ ಅಷ್ಟು ಮದ್ಯವಿರುವವನಿಗೆ ಗಾಡಿ ನಡೆಸುವ ಅಧಿಕಾರವಿಲ್ಲ. ಕುಡಿದವನ ಬಾಯಿ ವಾಸನೆ ಬರುತ್ತದೆ. ನಿದ್ದೆಗೆಟ್ಟವನಲ್ಲಿ ಹೊರಗಿನ ಗುರುತು ಯಾವುದೂ ಕಾಣದು. ಅಪಾಯ ಹೆಚ್ಚುವುದು ಇದರಿಂದಲೇ.

ಹಾಗಾದರೆ ಈ ಲೆಕ್ಕಗಳನ್ನೆಲ್ಲ ಹಾಕತಕ್ಕವರು ಯಾರು? ಚಾಲಕನೇ ಎಂದು ಹೇಳಿಬಿಡುವುದು ಸುಲಭ. ಏಕೆಂದರೆ ಸಿಕ್ಕಿಬೀಳುವವನು ಅವನೇ. ಆದರೆ ನಿಬಂಧನೆಯ ೧೦ನೆಯ ವಿಧಿಯು ಹೊಣೆಯನ್ನು ಮೊದಲು ಸಂಸ್ಥೆಯ ಮೇಲೆ ಹೊರಿಸುತ್ತದೆ. ಚಾಲಕರು ಈ ಕಟ್ಟಳೆಗಳನ್ನು ಪಾಲಿಸಲು ಅನುಕೂಲವಾಗುವಂತೆ ಸಂಸ್ಥೆಯು ಕೆಲಸವನ್ನು ಏರ್ಪಡಿಸಬೇಕು. ಓಡಿದ ದೂರವನ್ನೋ ಸಾಗಿಸಿದ ಸರಕನ್ನೋ ಅನುಸರಿಸಿ, ರಸ್ತೆಯ ಸುರಕ್ಷತೆಗೆ ಭಂಗ ಬರುವಂತೆ, ಸಂಬಳವನ್ನಾಗಲಿ ಬಹುಮಾನವನ್ನಾಗಲಿ ಕೊಡಕೂಡದು. ಹಡಗು ತಪ್ಪಿದರೆ ಕೂಲಿ ಕಡಿಯುವೆವೆಂದು ಹೇಳಿದ ಯಜಮಾನನು ಚಾಲಕನ ನಿದ್ರೆಯನ್ನೇ ಕಡಿದಂತೆ. ಒಳ್ಳೆಯ ಏರ್ಪಾಡುಗಾರನು ರಸ್ತೆಯಿಂದ ಹಡಗಿಗೆ ಲೆಕ್ಕ ಹಾಕುವುದಿಲ್ಲ. ಹಡಗಿನ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ವಿಶ್ರಾಂತಿ ಎಲ್ಲಿ ಆರಂಭವಾಗಬೇಕು, ಅದಕ್ಕೆ ಮುನ್ನ ಎಷ್ಟು ಗಂಟೆ ನಡೆಸಬಹುದು, ಹಾಗಾದರೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಒಂದೊಂದಾಗಿ ಇಳಿದು ಬರುತ್ತಾನೆ. ದಾರಿಗೆ ಒಂದು ಗಂಟೆಯ ಮೀಸಲನ್ನು ಇಡುತ್ತಾನೆ. ಈ ಹಡಗು ತಪ್ಪಿದರೆ ಮುಂದಿನದು ಯಾವುದು, ಅದಕ್ಕೆ ವಿಶ್ರಾಂತಿಯು ಹೊಂದುತ್ತದೆಯೆ ಎಂಬುದನ್ನೂ ಬರೆದು ಚಾಲಕನ ಕೈಯಲ್ಲಿ ಕೊಡುತ್ತಾನೆ.

ಇದೆಲ್ಲ ದೂರದ ದೇಶದ ಮಾತೆಂದು ತೋರಬಹುದು. ಆದರೆ ಲಾರಿಯನ್ನು ಇನ್ನೊಂದು ವಾಹನದ ಮೇಲೇರಿಸಿ ಸಾಗಿಸುವ ಪದ್ಧತಿ ಕನ್ನಡ ನಾಡಿಗೂ ಬಂದಿದೆ. ಕೊಂಕಣ ರೈಲ್ವೆಯವರು ೧೯೯೯ರಲ್ಲಿ ಸರಕು ತುಂಬಿದ ಲಾರಿಗಳನ್ನು ರೈಲಿನ ಮೇಲೆ ಸಾಗಿಸುವುದನ್ನು ಆರಂಭಿಸಿದರು. ಮುಂದೆ ಅದು ಮಹಾರಾಷ್ಟ್ರದ ಕೋಲಾಡಿನಿಂದ ನಮ್ಮ ಸುರತ್ಕಲ್ಲಿನವರೆಗೆ ವಿಸ್ತರಿಸಿತು. ೨೦೨೦ರ ಆ.೩೦ರಂದು ಬೆಂಗಳೂರಿನ ಬಳಿಯ ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆಗೆ ಅಂತಹುದೇ ಇನ್ನೊಂದು ರೈಲು ಹೊರಟಿತು. ಘಟ್ಟದ ಸುತ್ತು ದಾರಿಯೂ ಮಳೆಗಾಲದ ಕೆಸರೂ ತಪ್ಪಿದುವು, ಡೀಸೆಲ್ ಉಳಿಯಿತು. ಈ ರೈಲುಗಳಲ್ಲಿ ಚಾಲಕನೂ ಅವನ ಸಹಾಯಕನೂ ಲಾರಿಯೊಡನೆಯೇ ಪಯಣಿಸುತ್ತಾರೆ. ಉಳಿದ ಡೀಸೆಲ್ಲಿನ ಲೆಕ್ಕವನ್ನು ನಾವು ಬೇಗನೆ ಹಾಕುತ್ತೇವೆ. ಅವರು ಮಲಗಿದರೆ, ಎಲ್ಲಿ ಮಲಗಿದರು, ಎಷ್ಟು ಸಲ ಎದ್ದರು, ಇಳಿದೊಡನೆ ಎಷ್ಟು ದೂರ ಗಾಡಿ ನಡೆಸಬೇಕಾಯಿತು ಎಂಬ ಲೆಕ್ಕವೂ ಅದರ ಪಕ್ಕದಲ್ಲಿ ಇರಬೇಕು. ೧೯೬೧ರಲ್ಲಿಯೇ ಭಾರತದ ಸಂಸತ್ತು ಮೋಟಾರು ಸಾರಿಗೆಯ ಕೆಲಸಗಾರರಿಗಾಗಿ ಒಂದು ಅಧಿನಿಯಮವನ್ನು ಮಾಡಿ, ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ಎಂಬ ಸಾಮಾನ್ಯ ಮಿತಿಯನ್ನೂ, ೫ ಗಂಟೆಯ ಕೆಲಸಕ್ಕೆ ಅರ್ಧ ಗಂಟೆಯ ಬಿಡುವನ್ನೂ ವಿಧಿಸಿತ್ತು. ಚಾಲಕನ ಗಂಟೆಗಳು ಎಣಿಸತಕ್ಕ ವಸ್ತುವೆಂಬುದು ನಮಗೆ ಹೊಸ ವಿಚಾರವೇನೂ ಅಲ್ಲ.

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಗಾಡಿ ನಿಂತುದರಿಂದಲೇ ಚಾಲಕನು ವಿಶ್ರಮಿಸಿದಂತಾಗುವುದಿಲ್ಲ. ಅವನ ಹೊತ್ತು ಅವನ ಕೈಗೆ ಬಂದು, ಹಾಸಿಗೆ ದೊರೆತು, ಕಡಿತಗಳು ಎರಡನ್ನು ಮೀರದೆ ಇದ್ದಲ್ಲಿ ಮಾತ್ರ ಹಡಗು ಅವನಿಗೆ ಮಲಗುವ ಮನೆಯಾಗುತ್ತದೆ. ಇಲ್ಲವಾದರೆ ಅದು ತೇಲುವ ಸಾಲು ಮಾತ್ರ. ಪೇಟೆಯಲ್ಲಿ ನಾವು ಕೊಳ್ಳುವ ಸರಕು ಎಷ್ಟೋ ಮಂದಿ ಚಾಲಕರ ರಾತ್ರಿಗಳನ್ನು ದಾಟಿಕೊಂಡು ಬಂದಿರುತ್ತದೆ. ಅದು ಒಂದು ದಿನ ತಡವಾಗಿ ಬಂದಿತೆಂದು ಅಂಗಡಿಯವನು ಹೇಳಿದಾಗ, ಎಲ್ಲಿಯೋ ಒಬ್ಬನು ತನ್ನ ೧೧ ಗಂಟೆಗಳನ್ನು ಪೂರ್ತಿಯಾಗಿ ಮಲಗಿ ಎದ್ದಿರಬಹುದೆಂದು ತಿಳಿದು ನಾವು ಸಮಾಧಾನ ಪಟ್ಟುಕೊಳ್ಳಬಹುದು.